ನೆಲ ಇರಲಿ, ವೈರು ಹೋಗಲಿ

ಬೆಂಗಳೂರಿನ ಜಯನಗರದಲ್ಲೋ ರಾಜಾಜಿನಗರದಲ್ಲೋ ಹಳೆಯ ಮನೆಯೊಂದರ ಮುಂದೆ ಜಲ್ಲಿ, ಮರಳು ಬಿದ್ದಿದ್ದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಮೊದಲು ನೋಡುವುದು ಒಡೆದು ಹಾಕಿದ ಕಸದ ಗುಡ್ಡೆಯನ್ನು. ಅದರಲ್ಲಿ ಮೊಸಾಯಿಕ್ ಚೂರುಗಳಿದ್ದರೆ ಹೊಟ್ಟೆ ಉರಿಯುತ್ತದೆ. ತುಕ್ಕು ಹಿಡಿದ ಪೈಪು, ಕಪ್ಪಗಾದ ವೈರು ಕಂಡರೆ ಈ ಮನೆಯವರು ಬುದ್ಧಿವಂತರು ಅನ್ನಿಸುತ್ತದೆ. ಬಹುಪಾಲು ಕಡೆ ಕಾಣುವುದು ಮೊಸಾಯಿಕ್ಕೇ.

1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ಮೇಲಿನ ಎರಡು ದಶಕಗಳಲ್ಲಿ ಎದ್ದ ಮನೆಗಳಿಗೆ ಒಂದು ಖಚಿತ ಮುಖಲಕ್ಷಣವಿದೆ. ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಮಟ್ಟಸವಾದ ತಾರಸಿ, ಕಿಟಕಿಯ ಮೇಲೆ ಉದ್ದಕ್ಕೆ ಚಾಚಿದ ಛಜ್ಜಾ, ಮೆಟ್ಟಿಲ ಪಕ್ಕ ಸಿಮೆಂಟಿನ ಜಾಲಿ, ಕಬ್ಬಿಣದ ಚೌಕಟ್ಟಿನ ಕಿಟಕಿ. ಬಿಸಿಲು, ಮಳೆ, ಗಾಳಿಯ ಲೆಕ್ಕ ಹಾಕಿ ಕಟ್ಟುವ ಪಾಠವನ್ನು ಇಲ್ಲಿ ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಹೊರಟು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದ ಒಟ್ಟೊ ಕೋನಿಗ್ಸ್‌ಬರ್ಗರ್. ಮಾಮೂಲಿ ಮೇಸ್ತ್ರಿ ಕಟ್ಟಿದ ಮನೆಯಲ್ಲೂ ಆ ಲೆಕ್ಕ ಕಾಣುತ್ತದೆ. ಛಜ್ಜಾ ಕತ್ತರಿಸಿ, ವೆಂಟಿಲೇಟರು ಮುಚ್ಚಿ, ಆಮೇಲೆ ಸೆಕೆ ಎಂದು ಏಸಿ ಕೂರಿಸುವವರಿಗೆ ಏನು ಹೇಳುವುದು?

ಮೊಸಾಯಿಕ್ ನೆಲದ ಮಾತಿಗೆ ಬರೋಣ. ಅದು ಮಂಕಾಗಿರುವುದು ಸವೆದಿದ್ದರಿಂದಲ್ಲ. ದಶಕಗಳ ಫಿನಾಯಿಲು, ಸೋಪು, ಮೇಣ ಮೇಲೆ ಪದರಗಟ್ಟಿದ್ದರಿಂದ. ಒಳಗಿನ ಅಮೃತಶಿಲೆಯ ಚೂರು ಹಾಗೇ ಇರುತ್ತದೆ. ಪಾಲಿಶ್ ಮಾಡುವವರು ಮೊದಲು ಒರಟು ಕಲ್ಲಿನಲ್ಲಿ ಉಜ್ಜುತ್ತಾರೆ. ಆಗ ಕಾಣುವ ಸಣ್ಣ ತೂತುಗಳಿಗೆ ಅದೇ ಬಣ್ಣದ ಸಿಮೆಂಟು ತುಂಬಿ, ನಾಲ್ಕೈದು ದಿನ ನೀರುಣ್ಣಿಸಿ ಒಣಗಲು ಬಿಡಬೇಕು. ಈ ಬಿಡುವಿಗೆ ಅವರಿಗೆ ತಾಳ್ಮೆ ಇರುವುದಿಲ್ಲ, ನೀವೇ ಪಟ್ಟು ಹಿಡಿಯಬೇಕು. ಆಮೇಲೆ ನಯದ ಕಲ್ಲುಗಳು, ಕೊನೆಗೆ ಆಕ್ಸಾಲಿಕ್ ಆಸಿಡ್ ಪುಡಿ. ಉಜ್ಜುವಾಗ ಹಾಲಿನಂಥ ರಾಡಿ ಗೋಡೆಗೆಲ್ಲ ಹಾರುತ್ತದೆ, ಆದ್ದರಿಂದ ಪೇಂಟು ಇದಾದ ಮೇಲೆ. ಅಡಿಗೆಮನೆ ಕೀಳುವಾಗ ಅಲ್ಲಿ ಸಿಕ್ಕ ಗಟ್ಟಿ ಟೈಲುಗಳನ್ನು ಎತ್ತಿಡಿ. ಹಾಲಿನಲ್ಲಿ ಬಿರುಕು ಬಿಟ್ಟ ಒಂದೆರಡರ ಜಾಗಕ್ಕೆ ಅವೇ ಬೇಕು, ಅಂಗಡಿಯಲ್ಲಿ ಆ ಬಣ್ಣ ಹುಡುಕಿದರೂ ಸಿಗದು.

ರೆಡ್ ಆಕ್ಸೈಡಿನ ಕೆಂಪು ನೆಲಕ್ಕೆ ಈ ಉಜ್ಜುವ ಯಂತ್ರ ಬೇಡ. ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಆಸಿಡ್ ಸುರಿದರೆ ಕೆಂಪೇ ಹೋಗುತ್ತದೆ. ಕೂದಲೆಳೆಯ ಬಿರುಕುಗಳನ್ನು ಹಾಗೇ ಬಿಟ್ಟು ಮೇಣ ಉಜ್ಜಿ.

‘ಒಡೆಯುವುದು ಬೇಡ, ಮೇಲೆಯೇ ಗ್ರಾನೈಟ್ ಹಾಕಿಬಿಡೋಣ ಸಾರ್’ ಎನ್ನುವ ಮೇಸ್ತ್ರಿಯಿಂದ ದೂರವಿರಿ. ನೆಲ ಎರಡಿಂಚು ಏರುತ್ತದೆ. ಹೊಸ್ತಿಲು ಮುಳುಗುತ್ತದೆ, ಸಾಗವಾನಿ ಬಾಗಿಲುಗಳ ಬುಡ ಕೊಯ್ಯಬೇಕಾಗುತ್ತದೆ, ಮಹಡಿಯ ಮೊದಲ ಮೆಟ್ಟಿಲು ಮಾತ್ರ ಕುಳ್ಳಾಗಿ ಬಂದವರೆಲ್ಲ ಅಲ್ಲೇ ಎಡವುತ್ತಾರೆ.

ಈಗ ಕಣ್ಣಿಗೆ ಕಾಣದ್ದು. ದುಡ್ಡು ಸುರಿಯಬೇಕಾದ್ದು ಇಲ್ಲಿ. ಆ ಕಾಲದ ವೈರಿಂಗು ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋಗೆ ಹಾಕಿದ್ದು. ಮರದ ಪಟ್ಟಿಯ ಮೇಲೆ ಓಡುವ ವೈರಿನ ರಬ್ಬರು ಹೊದಿಕೆ ಮುಟ್ಟಿದರೆ ಉದುರುತ್ತದೆ. ಎಷ್ಟೋ ಪಾಯಿಂಟುಗಳಿಗೆ ಅರ್ಥ್ ವೈರೇ ಇಲ್ಲ. ಅದಕ್ಕೇ ಗೀಸರು, ಏಸಿ, ಇಂಡಕ್ಷನ್ ಒಲೆ ತಗುಲಿಸಿ, ಮೇಲೆ ಫಾಲ್ಸ್ ಸೀಲಿಂಗಿನ ಬಣ್ಣದ ದೀಪ! ಪೂರ್ತಿ ಕಿತ್ತು ಹೊಸದಾಗಿ ಎಳೆಸಿ. ಹೊಸ ಅರ್ಥ್ ಗುಂಡಿ ತೋಡಿಸಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಗೋಡೆ ಕೊರೆಯುವಾಗ ಸೀಳು ಮೇಲಿಂದ ಕೆಳಕ್ಕೆ ಇರಲಿ. ಭಾರ ಹೊತ್ತ ಗೋಡೆಯನ್ನು ಉದ್ದಕ್ಕೆ ಅಡ್ಡ ಕೊರೆದರೆ ಅದರ ಸೊಂಟ ಮುರಿದಂತೆ. ಜಿಐ ಪೈಪಿನ ಒಳಗೆ ತುಕ್ಕು ಕಟ್ಟಿ ನಲ್ಲಿಯಲ್ಲಿ ನೀರು ದಾರದಂತೆ ಬರುತ್ತಿದ್ದರೆ ಅದೂ ಹೋಗಲಿ.

ಫಾಲ್ಸ್ ಸೀಲಿಂಗಿನ ಮೇಲೆ ನನಗೆ ಇನ್ನೊಂದು ಸಿಟ್ಟಿದೆ. ಕಾಂಕ್ರೀಟಿನ ಕ್ಷಾರಗುಣ ಒಳಗಿನ ಸರಳನ್ನು ಕಾಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ವರ್ಷಗಟ್ಟಲೆ ಒಳನುಗ್ಗಿ ಆ ಗುಣ ಇಳಿಸಿದ ಮೇಲೆ, ತಾರಸಿಯ ತೇವ ಸೇರಿದರೆ ಸರಳು ತುಕ್ಕು ಹಿಡಿದು ಊದಿಕೊಂಡು ಕೆಳಗಿನ ಗಾರೆಯನ್ನು ತಳ್ಳುತ್ತದೆ. ಇದನ್ನು ಜಿಪ್ಸಂ ಹಲಗೆಯಿಂದ ಮುಚ್ಚುವುದು ಹುಣ್ಣಿನ ಮೇಲೆ ಶಾಲು ಹೊದ್ದಂತೆ. ಕೋಲಿನಿಂದ ಸೀಲಿಂಗಿನ ಉದ್ದಗಲ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಸರಳಿನ ಹಿಂದಿನವರೆಗೂ ಕೆತ್ತಿ, ತುಕ್ಕು ಉಜ್ಜಿ, ಪಾಲಿಮರ್ ಗಾರೆ ಕಟ್ಟಿಸಬೇಕು. ಸರಳೇ ಸಣ್ಣಗಾಗಿದ್ದರೆ ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಯಿರಿ. ಹಾಲೂ ಊಟದ ಕೋಣೆಯೂ ಒಂದಾಗಲಿ ಎಂದು ನಡುಗೋಡೆಗೆ ಸುತ್ತಿಗೆ ಎತ್ತುವ ಮೊದಲೂ ಅವರೇ ಬೇಕು. ಈ ಮನೆಗಳಿಗೆ ಕಂಬಗಳಿಲ್ಲ, ತಾರಸಿ ನಿಂತಿರುವುದೇ ಗೋಡೆಯ ಮೇಲೆ.

ಕಬ್ಬಿಣದ ಕಿಟಕಿಗಳನ್ನು ಗುಜರಿಗೆ ಹಾಕಿ ಯುಪಿವಿಸಿ ಜಾರುಕಿಟಕಿ ಕೂರಿಸುವುದು ಈಗಿನ ಖಯಾಲಿ. ಜಾರುಕಿಟಕಿ ತೆರೆಯುವುದು ಅರ್ಧ ಮಾತ್ರ, ಹಳೆಯದು ಪೂರ್ತಿ ತೆರೆಯುತ್ತದೆ. ತುಕ್ಕು ಕೆರೆದು, ಬುಡದಲ್ಲಿ ತಿಂದುಹೋದ ಪಟ್ಟಿಗೆ ವೆಲ್ಡಿಂಗ್ ಮಾಡಿಸಿ, ಪ್ರೈಮರು ಬಳಿದು, ಗಾಜಿನ ಸುತ್ತಲಿನ ಪುಟ್ಟಿ ಬದಲಿಸಿದರೆ ಸಾಕು. ಸೊಳ್ಳೆ ಬಲೆ ಕೂರಿಸುವುದು ತುಸು ತಾಪತ್ರಯ, ಒಪ್ಪುತ್ತೇನೆ.

ಬಚ್ಚಲುಮನೆಯ ವಿಷಯದಲ್ಲಿ ಮಾತ್ರ ನನಗೆ ಯಾವ ಹಳೆಯ ಮೋಹವೂ ಇಲ್ಲ. ಪೂರ್ತಿ ಒಡೆಯಿರಿ. ಪೈಪು ಹೊಸದಾಗಿ ಹಾಕಿ, ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ತೂಬು ಮುಚ್ಚಿ ಎರಡು ದಿನ ನೀರು ನಿಲ್ಲಿಸಿ. ಪಕ್ಕದ ಕೋಣೆಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಒಣಗಿದ್ದರೆ ಟೈಲಿನ ಅಂಗಡಿಗೆ ಹೋಗಬಹುದು.