ಹೆಬ್ಬೆರಳ ಕೆಳಗಿನ ನೀತಿ

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಅವಸರದಲ್ಲಿ ತಿನ್ನಬಾರದು. ಕಲಬುರಗಿ ಬಿಟ್ಟು ಹುಮನಾಬಾದ ದಾರಿ ಹಿಡಿದರೆ, ತೊಗರಿ ಬೆಳೆಯುವ ಕರಿ ಎರೆ ಹಿಂದೆ ಬಿದ್ದು ನೆಲ ಕೆಂಪಾಗತೊಡಗುವ ಹೊತ್ತಿಗೆ ಈ ಹಣ್ಣಿನ ಸೀಮೆ ಬಂತೆಂದು ಲೆಕ್ಕ. ಸಿಪ್ಪೆ ದಪ್ಪ, ಹುಣಸೆಹಣ್ಣು ಹಚ್ಚಿ ತಿಕ್ಕದೆ ಬಿಟ್ಟ ತಾಮ್ರದ ಹಂಡೆಯ ಬಣ್ಣ. ಸುಲಿದರೆ ಒಳಗೆ ಕೆನೆಬಣ್ಣದ ತಿರುಳು, ಮೆತ್ತಗೆ, ನಾಲಿಗೆಯ ಮೇಲೆ ಕರಗುವ ಮುಂಚೆ ಒಂದು ಗಳಿಗೆ ನಿಂತು ತನ್ನ ಪರಿಮಳ ಹೇಳಿಕೊಳ್ಳುವಂಥದ್ದು. ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕು. ಹಾಗಾಗಿ ರೇಟೂ ಜಾಸ್ತಿ. ನಮ್ಮ ಕಡೆ ಇದು ಸಾಹುಕಾರರ ಹಣ್ಣು. ಇದರಲ್ಲಿ ಇಂತಿಂಥ ಸತ್ವ ಉಂಟು, ತಿಂದರೆ ಇಂತಿಂಥ ಲಾಭ ಉಂಟು ಎಂದು ಸಿಪ್ಪೆಯ ಮೇಲೆ ಯಾರೂ ಬರೆದಿರುವುದಿಲ್ಲ. ತಿಂದವನ ಮೈಗೆ ಅದು ಹತ್ತಿಯೇ ಹತ್ತುತ್ತದೆ.

ತಿಂಗಳಿಗೊಮ್ಮೆ ನಾನು ಈ ದಾರಿಯಲ್ಲಿ ಹೋಗುತ್ತೇನೆ. ಕಮಲಾಪುರ ದಾಟಿ ಒಳದಾರಿ ಹಿಡಿದರೆ ಒಂದು ಹಳ್ಳಿ, ಅಲ್ಲಿ ಪಂಚಾಯಿತಿಯ ಗ್ರಂಥಾಲಯ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕ ಮೇಲೆ, ಹಳೆಯ ಪೇಪರು ಓದುವ ಮುದುಕರ ನಡುವೆ ಪುಟ್ಟ ಪುಟ್ಟ ಚಪ್ಪಲಿಗಳೂ ಬಾಗಿಲಲ್ಲಿ ಕಾಣಿಸತೊಡಗಿದವು. ಹೋಗುವಾಗ ನನ್ನ ಹೆಗಲಚೀಲದಲ್ಲಿ ಮಕ್ಕಳ ಪುಸ್ತಕ, ಬರುವಾಗ ಬಾಳೆಹಣ್ಣು. ಲಾಭ ಯಾರಿಗೆ ಎಂದು ಕೇಳಬೇಡಿ.

ನನ್ನದೊಂದು ಕೆಟ್ಟ ಚಾಳಿ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಕ್ಕಳ ಕಥೆ ಪುಸ್ತಕಗಳಲ್ಲಿ ಕೊನೆಗೆ ದಪ್ಪಕ್ಷರದಲ್ಲಿ ‘ನೀತಿ:’ ಎಂದು ಒಂದು ಸಾಲು ಇರುತ್ತದಲ್ಲ, ಓದಿ ಹೇಳುವಾಗ ಅದರ ಮೇಲೆ ನಾನು ಹೆಬ್ಬೆರಳು ಇಟ್ಟುಬಿಡುತ್ತೇನೆ. ಕಥೆ ಮುಗಿದು ಮಕ್ಕಳ ಮುಖದಲ್ಲಿ ಏನೋ ಒಂದು ಆಡುತ್ತಿರುತ್ತದೆ. ಆ ಹೊತ್ತಿಗೆ ಬೆರಳೆತ್ತಿದರೆ, ಉಂಡ ಬಾಯಿಗೆ ಔಷಧಿ ಹಾಕಿದಂತೆ. ಒಳ್ಳೆಯ ಪುಸ್ತಕಗಳಿಗೆ ಈ ಬೆರಳಿನ ಅಗತ್ಯವೇ ಬೀಳುವುದಿಲ್ಲ. ಅವುಗಳಲ್ಲಿ ನೀತಿ ಎಲ್ಲಿದೆ ಎಂದು ತೋರಿಸಲಿಕ್ಕೇ ಬರುವುದಿಲ್ಲ. ಹಾಲಿನಲ್ಲಿ ಬೆಣ್ಣೆಯನ್ನು ಬೆರಳಿಟ್ಟು ತೋರಿಸಿದವರು ಯಾರು?

ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯನ್ನೇ ನೋಡಿ. ಕನ್ನಡ ಬಲ್ಲ ಮನೆಗಳಲ್ಲಿ ಅದು ಎಷ್ಟು ಸವೆದ ಪದ್ಯವೆಂದರೆ, ಅದರ ಕುಸುರಿ ಕಡೆಗೆ ನಮ್ಮ ಕಣ್ಣು ಹೋಗುವುದೇ ಇಲ್ಲ. ಕಸ್ತೂರಿ ಎಂಬ ಹುಡುಗ ಒಂದು ತಗಡಿನ ತುತ್ತೂರಿ ಕೊಳ್ಳುತ್ತಾನೆ, ಊದುತ್ತಾನೆ, ನನ್ನ ಸಮ ಯಾರೆಂದು ಬೀಗುತ್ತಾನೆ, ಕೊಳದ ಬಳಿ ಅದು ಕೈಜಾರಿ ನೀರಿಗೆ ಬೀಳುತ್ತದೆ, ಆಮೇಲೆ ಎಷ್ಟು ಊದಿದರೂ ಹಳೆಯ ದನಿ ಬರುವುದಿಲ್ಲ. ಇಷ್ಟೇ ಕಥೆ. ಈಗ ಸ್ವಲ್ಪ ನಿಧಾನವಾಗಿ ಕೇಳಿ. ಬೀಗುವಾಗ ಆ ತುತ್ತೂರಿಯಲ್ಲಿ ಸ್ವರಗಳೆಲ್ಲ ಸಾಲಾಗಿ ಬರುತ್ತವೆ. ನೀರು ಕುಡಿದ ಮೇಲೆ ಗಂಟಲು ಕಟ್ಟಿದ ‘ಗ’ ಒಂದೇ ಉಳಿಯುತ್ತದೆ. ಗ ಎಂದರೆ ಗಾಂಧಾರ! ಅದೂ ಸ್ವರವೇ. ಸಪ್ತಸ್ವರದಲ್ಲಿ ಆರು ಕೊಳದ ಪಾಲಾಗಿ ಒಂದು ಮಾತ್ರ ದಡಕ್ಕೆ ಬಂದು ಬಿಕ್ಕುತ್ತಿದೆ. ರಾಜರತ್ನಂ ಇದನ್ನು ಎಣಿಸಿ ಮಾಡಿದರೋ, ಕೈಗೆ ತಾನಾಗಿ ಬಂತೋ, ನನಗೆ ಎರಡೂ ಒಂದೇ. ಜಂಬಕ್ಕಾದ ಗತಿಯನ್ನು ಕವಿ ಕೊನೆಯಲ್ಲಿ ಹೇಳುತ್ತಾರೆ ನಿಜ, ಆದರೆ ಹೇಳುವಾಗ ಅವರಿಗೇ ನಗು ತಡೆಯಲಾಗಿಲ್ಲ. ಹಾಗಾಗಿ ಅಲ್ಲಿ ನಾನು ಬೆರಳಿಡುವುದಿಲ್ಲ. ‘ರತ್ನನ ಪದಗಳ’ ಕುಡುಕನಿಗೆ ಬಾಯಿ ಕೊಟ್ಟವರೂ ಇವರೇ ಎಂಬುದನ್ನು ನೆನೆದರೆ ಇನ್ನಷ್ಟು ಖುಷಿ: ತೊದಲುವವರಿಬ್ಬರ ಭಾಷೆಯೂ ಅವರಿಗೆ ಗೊತ್ತಿತ್ತು.

ಆ ಹಳ್ಳಿಯಲ್ಲಿ ನಾನು ಅತಿ ಹೆಚ್ಚು ಸಲ ಓದಿ ಹೇಳಿದ್ದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷ್ ಕವಿ ಬ್ರೌನಿಂಗನ ಪದ್ಯದ ಎಳೆ ಹಿಡಿದು ಹುಟ್ಟಿದ್ದು. ಹ್ಯಾಮೆಲಿನ್ ಊರಿನ ಕೊಳಲಿನವನು ತುಂಗೆಯ ದಂಡೆಗೆ ಬಂದು ಗಡ್ಡ ಬಿಟ್ಟು ಜೋಗಿಯಾದ, ಕೈಯಲ್ಲಿ ಕಿಂದರಿ ಹಿಡಿದ. ಮಲೆನಾಡಿನ ಹಸಿರಲ್ಲಿ ಅವನ ಮೂಲ ಎಷ್ಟು ಕರಗಿದೆಯೆಂದರೆ, ನಮ್ಮ ಬಯಲುಸೀಮೆಯ ಹುಡುಗರಿಗೂ ಅವನು ಜಾತ್ರೆಗೆ ಬರುವ ಜೋಗಿಯೇ.

ಜೋಗಿಯ ಹಿಂದೆ ಊರಿನ ಇಲಿಗಳು ಹೊರಡುವ ಜಾಗವಿದೆಯಲ್ಲ, ಅಲ್ಲಿ ನಾನು ಕನ್ನಡಕ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಕೂರುತ್ತೇನೆ. ಕಿಂದರಿಯ ನಾದ ಎದ್ದಿದೆ. ಇಲಿಗಳು ಬರುತ್ತಿವೆ. ಒಂದೊಂದಲ್ಲ, ಗಾತ್ರಕ್ಕೊಂದು ಇಲಿ, ಮೂಗಿಗೊಂದು ಇಲಿ, ನೆಂಟಸ್ತಿಕೆಗೊಂದು ಇಲಿ. ಮನೆಮನೆಯ ಬಳಗವೆಲ್ಲ ಬಾಲ ಹೊತ್ತುಕೊಂಡು ಬೀದಿಗಿಳಿದಿದೆ. ಪದಗಳ ಬಾಲ ಒಂದರ ಬಾಯಿಗೆ ಒಂದು ಸಿಕ್ಕು, ಲಯ ಗುಡುಗುಡು ಓಡುತ್ತದೆ. ಓದುವವನಿಗೆ ಉಸಿರಿಗೆ ಎಡೆಯಿಲ್ಲ, ಕೇಳುವವರಿಗೆ ರೆಪ್ಪೆಗೆ ಎಡೆಯಿಲ್ಲ. ‘ಇಲಿ’ ಎಂಬ ಎರಡಕ್ಷರದ ಬಡಪಾಯಿ ಪದದಿಂದ ಇಷ್ಟು ದೊಡ್ಡ ಮೆರವಣಿಗೆ ಕಟ್ಟಬಹುದೆಂದು ಯಾರು ಎಣಿಸಿದ್ದರು? ಮೊದಲ ಸಲ ಓದಿದ ದಿನ, ಮುಗಿಯುವ ಮೊದಲೇ ಒಬ್ಬ ಪೋರ ಎದ್ದು ನಿಂತು ತನ್ನ ಕಡೆಯಿಂದ ಸೇರಿಸಿದ: “ತೊಗರಿಲಿ! ಜ್ವಾಳದಿಲಿ!” ಇನ್ನೊಬ್ಬ, “ನಮ್ಮ ಮಾಸ್ತರಿಲಿ!” ಆಮೇಲೆ ಅರ್ಧ ತಾಸು ಓದು ಮುಂದೆ ಸಾಗಲಿಲ್ಲ. ಕುವೆಂಪು ಇದ್ದಿದ್ದರೆ ಆ ಹೊಸ ಇಲಿಗಳನ್ನೂ ಹೊಳೆಗೆ ಹಾರಿಸುತ್ತಿದ್ದರು.

ಇಲಿಗಳು ಹೋದವು, ಇಲಿ ಓಡಿಸಿದರೆ ಹಣ ಕೊಡುತ್ತೇನೆಂದಿದ್ದ ಗೌಡ ಕೊಟ್ಟ ಮಾತಿಗೆ ತಪ್ಪಿದ, ಜೋಗಿ ಮತ್ತೆ ಕಿಂದರಿ ಎತ್ತಿದ, ಈ ಸಲ ಊರ ಮಕ್ಕಳು ಅವನ ಹಿಂದೆ ಹೊರಟರು, ಬೆಟ್ಟ ಬಾಯ್ದೆರೆದು ನುಂಗಿತು. ಹಿಂದೆ ಉಳಿದವನು ಒಬ್ಬ ಕುಂಟ ಹುಡುಗ. ಇದನ್ನು ಪಾಠ ಮಾಡುವವರು ಮಾತಿಗೆ ತಪ್ಪಬಾರದು ಎಂಬ ನೀತಿ ಹೇಳಿ ಪುಸ್ತಕ ಮುಚ್ಚುತ್ತಾರೆ. ನಾನೂ ಬಹಳ ವರ್ಷ ಹಾಗೇ ಮುಚ್ಚಿದವನು. ಇಲ್ಲಿ ಮುಚ್ಚಲು ಬಿಡಲಿಲ್ಲ. “ರೊಕ್ಕ ಕೊಡಲಾರದಾಂವ ಗೌಡ ಅಲ್ರಿ? ಹುಡುಗ್ರು ಏನ್ ತಪ್ಪ ಮಾಡ್ಯಾವ್ರಿ?” ಎಂದು ತೊಗರಿಲಿಯ ಹುಡುಗ ಕೇಳಿದ. ನಾನು ಉತ್ತರ ಹುಡುಕುತ್ತಿರುವಾಗ, ಗೋಡೆಗೆ ಒರಗಿ ಕೂತಿದ್ದ ಒಂದು ಹುಡುಗಿ, ಯಾರಿಗೂ ಅಲ್ಲ ಎಂಬಂತೆ, “ಆ ಕುಂಟ ಹುಡುಗನ ಜೋಡಿ ಇನ್ನ ಯಾರ ಆಡ್ತಾರ?” ಎಂದಳು.

ಕೋಣೆ ಸುಮ್ಮನಾಯಿತು. ನನ್ನ ಹೆಬ್ಬೆರಳು ಪುಟದ ಮೇಲೆಯೇ ಇತ್ತು, ಮುಚ್ಚಲು ಕೆಳಗೆ ಯಾವ ಸಾಲೂ ಇರಲಿಲ್ಲ.

ದೊಡ್ಡವರ ಸಾಲವನ್ನು ಮಕ್ಕಳು ತೀರಿಸುವ ಈ ಕಥೆ ಮೊದಲ ಸಲ ಓದುವಾಗ ಮಾತು ಉಳಿಸಿಕೊಳ್ಳುವ ಕಥೆ, ಎರಡನೆಯ ಸಲ ಅನ್ಯಾಯದ ಕಥೆ, ಮೂರನೆಯ ಸಲ ಒಂಟಿತನದ ಕಥೆ. ಬಾಳೆಯ ದಿಂಡಿನಂತೆ ಪದರ ಬಿಡಿಸಿದಷ್ಟೂ ಬಿಳಿಯ ಇನ್ನೊಂದು ಪದರ.

ಹೀಗೆ ಕಥೆಯೊಳಗೆ ನೀತಿಯನ್ನು ಕರಗಿಸುವ ಕೆಲಸ ನಮ್ಮ ಸೀಮೆಗೆ ಹೊಸದೇನಲ್ಲ ಎಂದು ನಾನು ಜಂಬ ಕೊಚ್ಚುವುದುಂಟು (ತುತ್ತೂರಿ ಜಾರಿದರೆ ಜಾರಲಿ). ಕಮಲಾಪುರದಲ್ಲಿ ನಿಂತರೆ ಒಂದು ಕಡೆ ಮಳಖೇಡ, ಇನ್ನೊಂದು ಕಡೆ ಕಲ್ಯಾಣ. ಎರಡೂ ಚಾಲುಕ್ಯರು ಆಳಿದ ನೆಲೆಗಳು. ಆ ವಂಶದ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ ಕನ್ನಡದಲ್ಲಿ ‘ಪಂಚತಂತ್ರ’ ಬರೆದ. ಎಲ್ಲರಿಗೂ ಗೊತ್ತಿರುವ ವಿಷ್ಣುಶರ್ಮನ ಪಾಠವನ್ನು ಬಿಟ್ಟು, ವಸುಭಾಗಭಟ್ಟನ ಪಾಠವನ್ನು ಹಿಡಿದು. ಯುದ್ಧ ಮತ್ತು ಸಂಧಿ ನೋಡಿಕೊಳ್ಳುವ ಮಂತ್ರಿ, ಬಿಡುವಿನಲ್ಲಿ ನರಿ-ಎತ್ತು-ಸಿಂಹಗಳ ಕಥೆ ಬರೆಯುತ್ತ ಕೂತ ಚಿತ್ರವೇ ನನಗೆ ಬಲು ಇಷ್ಟ. ಅವನಿಗೆ ಎರಡೂ ಒಂದೇ ಕಚೇರಿಯ ಕೆಲಸ ಅನ್ನಿಸಿರಬೇಕು.

ಆ ಪುಸ್ತಕದ ಒಂದು ತುಣುಕು ‘ವೃಕ್ಷಸಾಕ್ಷಿ’ ಎಂದು ನಮ್ಮ ಹತ್ತನೆಯ ತರಗತಿಯ ಪಾಠವಾಗಿ ಬಂದಿದೆ. ಧರ್ಮಬುದ್ಧಿ, ದುಷ್ಟಬುದ್ಧಿ ಇಬ್ಬರು ವ್ಯಾಪಾರಿಗಳು. ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಕದ್ದು, ಗೆಳೆಯನ ಮೇಲೇ ದೂರು ಕೊಟ್ಟು, ಆಲದ ಮರವೇ ಸಾಕ್ಷಿ ಎನ್ನುತ್ತಾನೆ. ತನ್ನ ಮುದಿ ತಂದೆಯನ್ನು ಮರದ ಪೊಟರೆಯಲ್ಲಿ ಅಡಗಿಸಿ ಸುಳ್ಳು ಹೇಳಿಸುತ್ತಾನೆ. ಹೆಸರಿನಲ್ಲೇ ಒಳ್ಳೆಯದು ಕೆಟ್ಟದ್ದು ಬರೆದಿಟ್ಟ ಕಥೆಯಲ್ಲಿ ಸ್ವಾರಸ್ಯ ಏನು ಉಳಿದೀತು ಎನ್ನಬೇಡಿ. ರಸವೆಲ್ಲ ಆ ತಂದೆಯಲ್ಲಿದೆ. ಇದು ಮನೆತನ ಹಾಳುಮಾಡುವ ಮಾತು ಎಂದು ಅವನಿಗೆ ಗೊತ್ತು. ಹೇಳುತ್ತಾನೆ ಕೂಡ. ಹೇಳಿ, ಮಗ ಕೇಳದಿದ್ದಾಗ, ಕತ್ತಲಲ್ಲಿ ಹೋಗಿ ಪೊಟರೆಯಲ್ಲಿ ಕೂರುತ್ತಾನೆ. ಮರುದಿನ ಮರಕ್ಕೆ ಹೊಗೆ ಹಾಕಿದಾಗ ಹೊರಗೆ ಉರುಳುವವನು ಅವನೇ. ಕಿಂದರಿಜೋಗಿಯಲ್ಲಿ ದೊಡ್ಡವರ ತಪ್ಪಿಗೆ ಮಕ್ಕಳು, ಇಲ್ಲಿ ಮಗನ ತಪ್ಪಿಗೆ ಅಪ್ಪ. ಎಂಟು ನೂರಕ್ಕೂ ಹೆಚ್ಚು ವರ್ಷ ದೂರದ ಎರಡು ಪುಸ್ತಕ ಹೀಗೆ ಒಂದನ್ನೊಂದು ನೋಡಿ ತಲೆದೂಗುವುದನ್ನು ಕಂಡರೆ, ಸಂಜೆಯ ಚಹಾ ಆರಿದ್ದೂ ಗೊತ್ತಾಗುವುದಿಲ್ಲ.

ಆ ಜಂಬ ಈಚಿನ ಕಾಲಕ್ಕೂ ಸಲ್ಲುತ್ತದೆ. ಕನ್ನಡಕ್ಕೆ ಆಧುನಿಕ ಮಕ್ಕಳ ಸಾಹಿತ್ಯದ ಅಕ್ಷರಾಭ್ಯಾಸ ಮಾಡಿಸಿದವರಲ್ಲಿ ದೊಡ್ಡ ಹೆಸರು ಪಂಜೆ ಮಂಗೇಶರಾಯರದು. ಕಡಲ ತೀರದ ಪಂಜೆಯವರು 1934ರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಬಂದದ್ದು ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ರಾಯಚೂರಿಗೆ. ಇನ್ನು ಕಲಬುರಗಿಯ ಸಮ್ಮೇಳನಗಳ ಅಧ್ಯಕ್ಷರಲ್ಲಿ ಕೆಲವರನ್ನು ನೋಡಿ: 1949ರಲ್ಲಿ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿದ ಉತ್ತಂಗಿ ಚನ್ನಪ್ಪ, 1987ರಲ್ಲಿ ಜನಪದದ ಸಿರಿ ಕಾಪಾಡಿದ ಸಿಂಪಿ ಲಿಂಗಣ್ಣ, 2020ರಲ್ಲಿ ಮಕ್ಕಳಿಗೆ ನಾಟಕ-ಪದ್ಯಗಳ ರಾಶಿ ಕೊಟ್ಟ ಎಚ್.ಎಸ್. ವೆಂಕಟೇಶಮೂರ್ತಿ. ಅಜ್ಜಿಯ ಮಡಿಲಲ್ಲಿ ಕೂತು ಕೇಳುವುದನ್ನೆಲ್ಲ ಬಲ್ಲ ಮೂವರು. ಆ ಫೆಬ್ರವರಿಯಲ್ಲಿ ಮಳಿಗೆ ಮಳಿಗೆ ಅಲೆದು ನಾನು ಹೊತ್ತು ತಂದ ಎರಡು ಚೀಲ ಪುಸ್ತಕವೇ ಈಗ ಆ ಹಳ್ಳಿಯ ಕಪಾಟಿನಲ್ಲಿ ಅರ್ಧ ಪಾಲು.

ಅದರಲ್ಲೊಂದು, ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’. 2010ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ. ಒಳಗಿನ ಕಥೆಯ ಮಾತು ಇರಲಿ, ನಾನು ಹೆಸರಿನ ಮುಂದೆಯೇ ಎಷ್ಟೋ ಹೊತ್ತು ಕೂತುಬಿಟ್ಟಿದ್ದೇನೆ. ಪಾಪು, ಬಾಪು. ಬಾಯಿಬಿಟ್ಟು ಹೇಳಿನೋಡಿ. ತುಟಿ ಮುಚ್ಚಿ ತೆರೆಯುವುದು ಎರಡಕ್ಕೂ ಒಂದೇ. ‘ಪ’ ಬರೀ ಉಸಿರು. ಅದೇ ಉಸಿರಿಗೆ ಕಂಠದ ದನಿ ಕೂಡಿದರೆ ‘ಬ’. ಕತ್ತಲಿಗೆ, ಹಾವಿಗೆ, ಕಳ್ಳರಿಗೆ ಹೆದರುತ್ತಿದ್ದ ಪೋರಬಂದರಿನ ಹುಡುಗ ಒಂದು ದೇಶದ ಬಾಪು ಆಗಲು ಕೂಡಿಸಿಕೊಂಡದ್ದು ಅಷ್ಟನ್ನೇ, ತನ್ನ ದನಿಯನ್ನು. ಒಂದು ಅಕ್ಷರದಲ್ಲಿ ಇಡೀ ಬಾಳು ಕಟ್ಟಿದ ಶೀರ್ಷಿಕೆಗೆ ನಾನು ಪ್ರತ್ಯೇಕ ಬಹುಮಾನ ಕೊಡುತ್ತಿದ್ದೆ.

ಹೊರಗಿನಿಂದ ಬಂದು ನಮ್ಮದೇ ಆದ ಪುಸ್ತಕಗಳ ಪೈಕಿ ‘ತೊತ್ತೋಚಾನ್’ಗೆ ನನ್ನ ಚೀಲದಲ್ಲಿ ಖಾಯಂ ಜಾಗ. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದು 1981ರಲ್ಲಿ ಬರೆದದ್ದು, ವಿ. ಗಾಯತ್ರಿ ಅವರ ಕನ್ನಡದಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ತಂದಿದೆ. ಹಳೆಯ ರೈಲು ಡಬ್ಬಿಗಳಲ್ಲಿ ನಡೆಯುವ ಶಾಲೆ. ಅಲ್ಲಿಯ ಹೆಡ್‌ಮಾಸ್ತರ್ ಕೊಬಾಯಾಶಿ ಅವರದು ಊಟಕ್ಕೊಂದು ನಿಯಮ: ಬುತ್ತಿಯಲ್ಲಿ ಕಡಲಿನದೊಂದಿಷ್ಟು, ಗುಡ್ಡದ್ದೊಂದಿಷ್ಟು ಇರಬೇಕು. ಸಮತೋಲ ಆಹಾರ ಎಂಬ ಒಣ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಂಗಿ ಯಾರು ಹೊಲಿದಾರು? ಯಾರದಾದರೂ ಬುತ್ತಿಯಲ್ಲಿ ಒಂದು ಕಡಿಮೆ ಬಿದ್ದರೆ, ಹಿಂದೆಯೇ ಎರಡು ಪಾತ್ರೆ ಹಿಡಿದು ಬರುವ ಮಾಸ್ತರರ ಹೆಂಡತಿ ಒಂದರಿಂದ ಕಡಲನ್ನೂ ಇನ್ನೊಂದರಿಂದ ಗುಡ್ಡವನ್ನೂ ಬಡಿಸುತ್ತಾರೆ. ಬೈಗಳಿಲ್ಲ, ವಿಚಾರಣೆಯಿಲ್ಲ. ಬಡವರ ಮಗುವಿನ ಮಾನವನ್ನು ಒಂದು ಸೌಟಿನಲ್ಲಿ ಕಾಯುವ ಆ ಎರಡು ಪಾತ್ರೆಗಳನ್ನು ನಾನು ಕಣ್ಣಮುಂದೆ ತಂದುಕೊಳ್ಳುತ್ತೇನೆ: ಅಂಚು ಸ್ವಲ್ಪ ನುಗ್ಗಾಗಿರಬೇಕು, ಹಿಡಿಕೆ ಬಿಸಿಯಿರಬೇಕು.

ಆ ಭಾಗ ಓದಿದ ದಿನ ನಮ್ಮ ಮಕ್ಕಳೂ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಗುಡ್ಡದ್ದು ಬೇಕಾದಷ್ಟಾಯಿತು. ಕಡಲಿನದು? ಈ ಊರಿನ ಒಂದು ಮಗುವೂ ಕಡಲು ಕಂಡಿಲ್ಲ. ನಾನು ಪುಟ ತಿರುವಿ ಮುಂದೆ ಹೋಗಬೇಕೆಂದಿದ್ದೆ. ಗೋಡೆಗೆ ಒರಗಿ ಕೂರುವ ಅದೇ ಹುಡುಗಿ ರೊಟ್ಟಿಯ ಚೂರನ್ನು ಹಿಂಡಿಗೆ ಅದ್ದಿ ಬಾಯಿಗಿಟ್ಟುಕೊಂಡು, “ಉಪ್ಪು ಐತಲ್ರಿ” ಎಂದಳು.

ಹೋದ ತಿಂಗಳು ಕಪಾಟು ಒಪ್ಪ ಮಾಡುವಾಗ ಕಿಂದರಿಜೋಗಿ ಕೈಗೆ ಬಂತು. ರಟ್ಟಿನ ಮೂಲೆ ಬಿಳಿಚಿದೆ, ದಾರ ಸಡಿಲಾಗಿದೆ. ಇಲಿಗಳ ಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ ಮೀಸೆ ಬರೆದಿದ್ದಾರೆ. ಕುಂಟ ಹುಡುಗನಿರುವ ಪುಟದ ಅಂಚಿನಲ್ಲಿ ಬಾಳೆಯ ಕಲೆ, ಒಂದು ಸಣ್ಣ ಹೆಬ್ಬೆರಳಿನಷ್ಟೇ ಅಗಲ, ಕಂದು ಬಣ್ಣ. ಬಾಳೆಯ ಕಲೆ ಹತ್ತಿದರೆ ಹೋಗುವುದಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟು ನೋಡಿದೆ. ಎಲ್ಲಿಗೂ ತಿರುವದೆ ಬಿಟ್ಟರೆ, ತಾನಾಗಿ ಆ ಪುಟಕ್ಕೇ ತೆರೆದುಕೊಳ್ಳುತ್ತದೆ.