ಅನಿಲ ವಿದ್ಯುತ್ತು ‘ಶುದ್ಧ’ವೇ? ಲೆಕ್ಕ ಮಾಡಿ ನೋಡಿ

ನೈಸರ್ಗಿಕ ಅನಿಲದಿಂದ ಪಡೆಯುವ ವಿದ್ಯುತ್ತು ‘ಶುದ್ಧ’, ಕಲ್ಲಿದ್ದಲಿಗೆ ಹೋಲಿಸಿದರೆ ಅದರ ಮಾಲಿನ್ಯ ಅರ್ಧಕ್ಕಿಂತ ಕಡಿಮೆ – ಈ ಮಾತನ್ನು ನೀವು ಅನೇಕ ಕಡೆ ಓದಿರುತ್ತೀರಿ. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವ್ಯಾಟ್ ಅನಿಲ ಸ್ಥಾವರ 2024ರಲ್ಲಿ ಉದ್ಘಾಟನೆಯಾದ ಮೇಲಂತೂ ಇದು ನಮ್ಮ ಮನೆಬಾಗಿಲಿನ ಪ್ರಶ್ನೆಯೇ ಆಗಿದೆ. ಆ ಮಾತು ಸುಳ್ಳಲ್ಲ. ಆದರೆ ಅದು ಅಪೂರ್ಣ. ಏಕೆಂಬುದನ್ನು ಪ್ರೌಢಶಾಲೆಯ ರಸಾಯನ ವಿಜ್ಞಾನದಿಂದಲೇ ತಿಳಿಯಬಹುದು.

ನೈಸರ್ಗಿಕ ಅನಿಲದ ಮುಖ್ಯ ಘಟಕ ಮೀಥೇನ್. 16 ಗ್ರಾಂ ಮೀಥೇನ್ ಉರಿದಾಗ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಮತ್ತು ಸುಮಾರು 800 ಕಿಲೋಜೂಲ್ ಬಳಸಬಹುದಾದ ಉಷ್ಣ ದೊರೆಯುತ್ತವೆ. ಒಂದು ಯೂನಿಟ್ ವಿದ್ಯುತ್ತೆಂದರೆ 3600 ಕಿಲೋಜೂಲ್. ಸ್ಥಾವರದ ದಕ್ಷತೆ ಶೇ. 50 ಎಂದು ಹಿಡಿದರೆ 7200 ಕಿಲೋಜೂಲ್ ಉಷ್ಣ ಬೇಕು. ಇದಕ್ಕೆ 144 ಗ್ರಾಂ ಮೀಥೇನ್ ಉರಿಯಬೇಕು. ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 400 ಗ್ರಾಂ. ಕಲ್ಲಿದ್ದಲ ಸ್ಥಾವರದಲ್ಲಿ ಇದು ಹೆಚ್ಚುಕಡಿಮೆ ಒಂದು ಕಿಲೋಗ್ರಾಂ. ಬೂದಿಯಿಲ್ಲ, ಗಂಧಕವೂ ಅತ್ಯಲ್ಪ. ಇಷ್ಟರಮಟ್ಟಿಗೆ ಹೊಗಳಿಕೆ ನ್ಯಾಯವಾದುದೇ.

ಆದರೆ ಈ 400 ಗ್ರಾಂ ಯಾವಾಗ ನಿಜ? ಯಲಹಂಕದ 370 ಮೆಗಾವ್ಯಾಟ್‌ನಲ್ಲಿ ಸುಮಾರು 237 ಅನಿಲ ಟರ್ಬೈನಿನದು. ಉಳಿದ 133 ಹಬೆ ಟರ್ಬೈನಿನದು. ಮೊದಲನೆಯದರಿಂದ ಹೊರಬರುವ ಬಿಸಿ ಅನಿಲವೇ ನೀರನ್ನು ಹಬೆಯಾಗಿಸಿ ಎರಡನೆಯದನ್ನು ತಿರುಗಿಸುತ್ತದೆ. ಇದೇ ಸಂಯುಕ್ತ ಚಕ್ರ. ಸ್ಥಾವರವನ್ನು ಆರಂಭಿಸಿದಾಗ ಹಬೆ ಸಿದ್ಧವಾಗುವವರೆಗೆ ಅನಿಲ ಟರ್ಬೈನ್ ಒಂದೇ ದುಡಿಯಬೇಕು. ಆಗ ಅಷ್ಟೇ ಇಂಧನಕ್ಕೆ 370ರ ಬದಲು 237 ಮಾತ್ರ ಸಿಗುತ್ತದೆ. ಅಂದರೆ ಪ್ರತಿ ಯೂನಿಟ್‌ಗೆ ಸುಮಾರು 620 ಗ್ರಾಂ! ಸಂಜೆಯ ಬೇಡಿಕೆಗಾಗಿ ಮಾತ್ರ ನಡೆಸಿ ನಿಲ್ಲಿಸುವ ಯಾವುದೇ ಸ್ಥಾವರದಲ್ಲಿ ಇಂಥ ಹೊತ್ತಿನ ಪಾಲು ಹೆಚ್ಚು. ಹೀಗಾಗಿ ಪೂರ್ಣ ಭಾರದಲ್ಲಿ ಅಳೆದ ಒಂದೇ ಅಂಕಿಯನ್ನು ವರ್ಷವಿಡೀ ಅನ್ವಯಿಸುವುದು ಸರಿಯಲ್ಲ.

ಎರಡನೆಯ ಲೋಪ ಚಿಮಣಿಯಿಂದಾಚೆಗಿನದು. ಬಾವಿಯಿಂದ ಬರ್ನರ್‌ವರೆಗಿನ ದಾರಿಯಲ್ಲಿ ಮೀಥೇನ್ ಸೋರಬಹುದು. 20 ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಒಂದು ಗ್ರಾಂ ಮೀಥೇನ್ ಸುಮಾರು 80 ಗ್ರಾಂ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. 144 ಗ್ರಾಂಗೆ ಶೇ. 3ರಷ್ಟು ಸೋರಿಕೆ ಎಂದು ಊಹಿಸಿ: ಸೋರಿದ್ದು 4.3 ಗ್ರಾಂ, ಪರಿಣಾಮ ಸುಮಾರು 345 ಗ್ರಾಂ. ‘ಅರ್ಧಕ್ಕಿಂತ ಕಡಿಮೆ’ ಎಂಬ ಅನುಕೂಲದ ಬಹುಭಾಗ ಇಲ್ಲೇ ಕರಗಿತು. ಕಲ್ಲಿದ್ದಲ ಗಣಿಗಳಿಂದಲೂ ಮೀಥೇನ್ ಹೊರಬರುತ್ತದೆಂಬುದನ್ನು ಮರೆಯಬಾರದು, ನಿಜ. ಆದರೆ ಹೋಲಿಕೆ ಮಾಡುವವರು ಎರಡೂ ಕಡೆಯ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಮೂರನೆಯದು ಸುತ್ತಮುತ್ತಲಿನ ಜನರಿಗೆ ಸಂಬಂಧಿಸಿದ್ದು. ದಹನದ ಅಧಿಕ ತಾಪದಲ್ಲಿ ಗಾಳಿಯ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಇವು ಬಿಸಿಲಿನಲ್ಲಿ ನೆಲಮಟ್ಟದ ಓಜೋನ್‌ಗೆ ಕಾರಣ. ಇಂಧನ ಎಷ್ಟೇ ಶುದ್ಧವಾಗಿದ್ದರೂ ಇದು ತಪ್ಪದು. ಬರ್ನರ್‌ಗಳ ವಿನ್ಯಾಸದಿಂದ ತಗ್ಗಿಸಬಹುದಷ್ಟೇ. ಭಾರ ತೀರಾ ಕಡಿಮೆಯಾದಾಗ ಆ ನಿಯಂತ್ರಣವೂ ಸಡಿಲವಾಗುತ್ತದೆ.

ಪ್ರತಿ ಯೂನಿಟ್‌ನ ಅಂಕಿ ಚಿಕ್ಕದೆಂದು ಒಟ್ಟು ಮೊತ್ತವನ್ನು ಮರೆಯದಿರಿ. 370 ಮೆಗಾವ್ಯಾಟ್ ಸ್ಥಾವರ ಇಡೀ ದಿನ ಪೂರ್ಣವಾಗಿ ನಡೆದರೆ 88.8 ಲಕ್ಷ ಯೂನಿಟ್ ವಿದ್ಯುತ್ತು, ಜೊತೆಗೆ ಸುಮಾರು 3500 ಟನ್ ಕಾರ್ಬನ್ ಡೈಆಕ್ಸೈಡ್.

ಶಿಕ್ಷಕರೇ, ತರಗತಿಯಲ್ಲಿ ‘ಅನಿಲ ಶುದ್ಧ ಇಂಧನ’ ಎಂದು ಬರೆಸುವ ಬದಲು ಈ ಲೆಕ್ಕ ಮಾಡಿಸಿ. ‘ಯಾವುದಕ್ಕಿಂತ ಶುದ್ಧ? ಯಾವ ದಕ್ಷತೆಯಲ್ಲಿ? ಎಷ್ಟು ವರ್ಷಗಳ ಅವಧಿಗೆ?’ ಎಂದು ವಿದ್ಯಾರ್ಥಿಗಳು ಕೇಳಲಿ. ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ‘ಶುದ್ಧ’ ಎಂಬ ಪದ ವಿಜ್ಞಾನದ್ದಲ್ಲ, ಜಾಹೀರಾತಿನದು.