ಪೋ ಕವಿಯ ಬ್ರಹ್ಮಾಂಡ

ಎಡ್ಗರ್ ಅಲನ್ ಪೋ 1848ರಲ್ಲಿ ಪ್ರಕಟಿಸಿದ ‘ಯುರೇಕಾ’ ಎಂಬ ಗದ್ಯಕಾವ್ಯಕ್ಕೆ ಅವನ ಜೀವಿತಕಾಲದಲ್ಲಿ ದೊರೆತದ್ದು ಉಪೇಕ್ಷೆ; ಈಚಿನ ದಶಕಗಳಲ್ಲಿ ದೊರೆಯುತ್ತಿರುವುದು ಅದಕ್ಕಿಂತಲೂ ಅಪಾಯಕರವಾದ ಸ್ತುತಿ. ಕವಿಯು ಐವತ್ತು ಸಾವಿರ ಪ್ರತಿಗಳನ್ನು ಬೇಡಿದುದೂ ಪ್ರಕಾಶಕನಾದ ಪುಟ್ನಮ್ ಐನೂರಕ್ಕೆ ಒಪ್ಪಿದುದೂ ಎಲ್ಲರೂ ಕೇಳಿರುವ ಕಥೆ. ಈಗಿನ ಪ್ರಶಂಸಕರಾದರೋ, ವೃತ್ತಿಯಿಂದ ವಿಜ್ಞಾನಿಯಲ್ಲದ ಈತನು ಮಹಾಸ್ಫೋಟವನ್ನೂ ಕೃಷ್ಣವಿವರವನ್ನೂ, ಇರುಳಿನ ಆಕಾಶವು ಕಪ್ಪಾಗಿರುವುದೇಕೆಂಬ ಹಳೆಯ ಸಮಸ್ಯೆಯ ಪರಿಹಾರವನ್ನೂ ಕೇವಲ ಅಂತಃಸ್ಫೂರ್ತಿಯ ಬಲದಿಂದ ಮುಂಗಂಡನೆಂದು ಸಾರುತ್ತಿರುವರು. ಹವ್ಯಾಸದಿಂದ ಬ್ರಹ್ಮಾಂಡವಾದಗಳನ್ನು ಹೊಸೆಯುವವರೆಲ್ಲರಿಗೂ ಈ ಪುಸ್ತಕವು ಅಭಯಹಸ್ತದಂತಾಗಿಬಿಟ್ಟಿದೆ.

ಸ್ತುತಿಗೆ ಆಧಾರಸ್ತಂಭವಾಗಿರುವ ಭಾಗವನ್ನೇ ಪರಿಶೀಲಿಸೋಣ. ನಕ್ಷತ್ರಗಳ ಪರಂಪರೆಗೆ ಅಂತ್ಯವೇ ಇಲ್ಲದಿದ್ದ ಪಕ್ಷದಲ್ಲಿ, ನಾವು ಯಾವ ದಿಕ್ಕಿಗೆ ಕಣ್ಣೆತ್ತಿದರೂ ದೃಷ್ಟಿಯು ಒಂದಲ್ಲ ಒಂದು ನಕ್ಷತ್ರವನ್ನು ತಾಗಲೇಬೇಕಾಗಿ, ಗಗನವೆಲ್ಲವೂ ಏಕಪ್ರಕಾರವಾಗಿ ಬೆಳಗಬೇಕಾಗಿತ್ತು. ಹಾಗಿಲ್ಲದೆ ನಡುನಡುವೆ ಕತ್ತಲೆಯ ತೆರಪುಗಳು ಕಾಣುವುದಕ್ಕೆ, ಅತಿದೂರದ ಹಿನ್ನೆಲೆಯ ಬೆಳಕು ಇನ್ನೂ ನಮ್ಮನ್ನು ಮುಟ್ಟಿಲ್ಲವೆಂದು ಊಹಿಸುವುದೊಂದೇ ಸಮಾಧಾನವೆಂದು ಪೋ ಹೇಳುತ್ತಾನೆ. ಇಲ್ಲಿಗೆ ಉದ್ಧರಣವನ್ನು ನಿಲ್ಲಿಸಿದರೆ ಕವಿಯು ದ್ರಷ್ಟಾರನಾಗುವನು. ಪ್ರಶಂಸಕರು ಸಾಮಾನ್ಯವಾಗಿ ನಿಲ್ಲಿಸುವುದೂ ಇಲ್ಲಿಯೇ. ಪೋ ನಿಲ್ಲಿಸಲಿಲ್ಲ. ಅಂಥದೊಂದು ಸಾಧ್ಯತೆಯನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಾರದೆಂದು ಒಪ್ಪಿ, ಆ ಕೂಡಲೇ, ಅದನ್ನು ನಿಜವೆಂದು ನಂಬಲು ನಮಗೆ ಲೇಶಮಾತ್ರವೂ ಕಾರಣವಿಲ್ಲವೆಂದು ತೀರ್ಪು ಕೊಡುತ್ತಾನೆ. ಅವನಿಗೆ ಬೇಕಾಗಿದ್ದದ್ದು ಸಾಂತವಾದ ನಕ್ಷತ್ರಲೋಕ. ಅನಂತವಾದಿಯು ತಪ್ಪಿಸಿಕೊಂಡು ಹೋಗಬಹುದಾದ ಕಟ್ಟಕಡೆಯ ಕಂಡಿಯನ್ನು ತೋರಿಸಿ, ಅದನ್ನು ಮುಚ್ಚುವುದಕ್ಕಾಗಿಯೇ ಅವನು ಆ ಮಾತನ್ನೆತ್ತಿದನು. ಎಂದಮೇಲೆ, ಅವನ ಶಿರಸ್ಸಿನ ಮೇಲೆ ಇಂದು ಕಿರೀಟವಾಗಿ ಮೆರೆಯುತ್ತಿರುವುದು ಅವನೇ ನಿರಾಕರಿಸಿದ ಪೂರ್ವಪಕ್ಷ.

ಎಡ್ವರ್ಡ್ ಹ್ಯಾರಿಸನ್‌ರಂಥ ಬಲ್ಲಿದರು 1987ರ ತಮ್ಮ ಗ್ರಂಥದಲ್ಲಿ ಈ ಪರಿಹಾರದ ಅಗ್ರಗೌರವವನ್ನು ಪೋಗೆ ಸಲ್ಲಿಸಿದರೆಂಬುದನ್ನು ನಾನು ಮರೆತಿಲ್ಲ. ಊಹೆಯನ್ನು ಮೊದಲು ಮಾತಿನಲ್ಲಿಟ್ಟವನಿಗೆ ಅಷ್ಟು ಸಲ್ಲಲಿ. ಆದರೆ ಆ ಊಹೆಗೆ ಲೆಕ್ಕದ ಬೆನ್ನೆಲುಬನ್ನು ಕೊಟ್ಟವನು 1901ರಲ್ಲಿ ಲಾರ್ಡ್ ಕೆಲ್ವಿನ್. ಹ್ಯಾರಿಸನ್ನರ ಒಂದು ಮಾತನ್ನು ಹಿಡಿದುಕೊಂಡು, ಮೂಲಗ್ರಂಥದ ಪುಟ ತಿರುವದೆಯೇ ಪ್ರವಾದಿಯ ಪಟ್ಟವನ್ನು ಕಟ್ಟಿದ ಅನುಯಾಯಿಗಳೊಡನೆಯೇ ನನ್ನ ವ್ಯಾಜ್ಯ.

ಮಹಾಸ್ಫೋಟದ ಮಾತೂ ಹೀಗೆಯೇ. ಪೋ ಹೇಳುವಂತೆ, ಆದಿಯಲ್ಲಿ ಏಕಮಾತ್ರವಾದ ಕಣವಿತ್ತು. ದೈವೇಚ್ಛೆಯಿಂದ ಅದು ಶೂನ್ಯದೊಳಕ್ಕೆ ಚದುರಿತು. ಚದುರಿಕೆ ಮುಗಿದ ಬಳಿಕ ಏಕತ್ವಕ್ಕೆ ಮರಳುವ ಹಂಬಲವೇ ಗುರುತ್ವಾಕರ್ಷಣವಾಯಿತು. ಅಂದರೆ ಪೋ ಕಂಡ ಈಗಿನ ವಿಶ್ವವು ಕುಗ್ಗುತ್ತಿರುವ ವಿಶ್ವ. 1929ರಲ್ಲಿ ಹಬಲ್ ತೋರಿಸಿದ್ದಾದರೋ ಗೆಲಕ್ಸಿಗಳು ದೂರ ಸರಿಯುತ್ತಿವೆಯೆಂಬುದನ್ನು. ಕಡೆಗೆ ಎಲ್ಲವೂ ಒಂದಾಗಿ ಲಯಿಸಿ, ದೈವಹೃದಯದ ಮಿಡಿತದಂತೆ ಮತ್ತೆ ಮತ್ತೆ ಹುಟ್ಟುವುದೆಂಬ ಕಲ್ಪನೆಯು ಭವ್ಯವಾದುದೇ, ಆ ಪುಟಗಳ ಗದ್ಯಕ್ಕೆ ನಾನೂ ತಲೆದೂಗಿದ್ದೇನೆ. ಕಲ್ಪ ಪ್ರಳಯಗಳನ್ನು ಕೇಳುತ್ತ ಬೆಳೆದ ನಮ್ಮವರಿಗೆ ಅದು ಅಪೂರ್ವವೆಂದೇನೂ ತೋರದು. ‘ಯುರೇಕಾ’ದಲ್ಲಿ ಕೃಷ್ಣವಿವರವಂತೂ ಇಲ್ಲ: ಬೆಳಕು ಹೊರಬರಲಾರದ ಕಾಯದ ಸುಳಿವನ್ನು ಆ ಲಯದ ಚಿತ್ರದಲ್ಲಿ ಹುಡುಕುವುದು ವ್ಯರ್ಥ.

ಆ ಸುಳಿವು ಇರುವುದು ಬೇರೊಬ್ಬನಲ್ಲಿ. ಯಾರ್ಕ್‌ಷೈರಿನ ಥಾರ್ನ್‌ಹಿಲ್ ಗ್ರಾಮದ ಪಾದ್ರಿ ಜಾನ್ ಮಿಚೆಲ್ 1784ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದ ಲೇಖನದಲ್ಲಿ, ಸೂರ್ಯನಷ್ಟೇ ಸಾಂದ್ರತೆಯುಳ್ಳ, ವ್ಯಾಸದಲ್ಲಿ ಅದರ 500 ಪಟ್ಟು ಮೀರಿದ ಕಾಯದಿಂದ ಬೆಳಕು ಹೊರಹೋಗಲಾರದೆಂದು ನ್ಯೂಟನ್ನನ ಗಣಿತದಿಂದ ಲೆಕ್ಕ ಹಾಕಿದನು. ಅಷ್ಟಕ್ಕೇ ಬಿಡದೆ, ಅಂಥ ಕಾಯವು ಕಾಣದಿದ್ದರೂ ಅದನ್ನು ಸುತ್ತುವ ಜೊತೆಯ ನಕ್ಷತ್ರದ ಚಲನೆಯಿಂದ ಅದರ ಇರವನ್ನು ಅನುಮಾನಿಸಬಹುದೆಂದನು. ಬೆಳಕಿನ ಬಗೆಗಿನ ಅವನ ಗ್ರಹಿಕೆ ಇಂದು ನಿಲ್ಲಲಾರದು. ಆದರೂ 1970ರ ದಶಕದ ಆರಂಭದಲ್ಲಿ ಸಿಗ್ನಸ್ ಎಕ್ಸ್-1 ಎಂಬ ಕೃಷ್ಣವಿವರದ ಜೊತೆಗಾರ ನಕ್ಷತ್ರವನ್ನು ಗಮನಿಸಿದವರು ನಡೆದದ್ದು ಆ ದಾರಿಯಲ್ಲಿಯೇ. ಮಿಚೆಲ್ ತನ್ನನ್ನು ಸುಳ್ಳಾಗಿಸುವ ಉಪಾಯವನ್ನೂ ತಾನೇ ಕೊಟ್ಟನು. ಪೋ ಕೊಟ್ಟದ್ದು ಪರಿಪೂರ್ಣ ಸಾಂಗತ್ಯವೇ ಸತ್ಯವೆಂಬ ಸೂತ್ರವನ್ನು. ಆದರೆ ಸಾಂಗತ್ಯವು ಚೆನ್ನಾಗಿ ಕಟ್ಟಿದ ಕಟ್ಟುಕಥೆಗೂ ಉಂಟು, ಇದು ಪತ್ತೇದಾರಿ ಕಥೆಗಳ ಕರ್ತೃವಿಗೆ ತಿಳಿಯದ ವಿಷಯವಲ್ಲ.

‘ಯುರೇಕಾ’ವನ್ನು ಕಾವ್ಯವೆಂದು ಓದುವವರಿಗೆ ನನ್ನ ಅಡ್ಡಿಯಿಲ್ಲ, ಪೋ ಸಹ ಮುನ್ನುಡಿಯಲ್ಲಿ ಅದನ್ನೇ ಕೋರಿದ್ದಾನೆ. ಶಾಸ್ತ್ರವೆಂದು ಓದುವವರು ಮಾತ್ರ, ಆ ಪ್ರಸಿದ್ಧ ವಾಕ್ಯವನ್ನು ಇನ್ನೊಮ್ಮೆ ಉದ್ಧರಿಸುವಾಗ, ಅದರ ಮುಂದಿನ ಎರಡು ವಾಕ್ಯಗಳನ್ನೂ ದಯವಿಟ್ಟು ಅಚ್ಚು ಹಾಕಿಸಲಿ.